ಲಿವರ್‌ನಲ್ಲಿ ಬೆಳೆದ ನೀರುಗುಳ್ಳೆ

ಕುರಿ ನೋಡೋಕೆ ಗಟ್ಟಿಮುಟ್ಟಾಗಿತ್ತು. ಕೊಯ್ದ ಮೇಲೆ ಮಟನ್ ಅಂಗಡಿಯವನು ಲಿವರ್ ಎತ್ತಿ ಹಲಗೆ ಮೇಲಿಟ್ಟ. ಅದರ ತುಂಬಾ ಬಿಳಿ ಗುಳ್ಳೆಗಳು, ರೆಪ್ಪೆಯಿಲ್ಲದ ಕಣ್ಣುಗಳ ಹಾಗೆ. ಚಾಕು ತಾಗಿಸಿದ. ತಿಳಿನೀರು ಚಿಮ್ಮಿತು.

ಮಾಂಸದ ಪರೀಕ್ಷೆಗೆ ಬಂದಿದ್ದ ಪಶುವೈದ್ಯೆ ನೋಡಿದಳು. "ಅಣ್ಣ, ಅದನ್ನ ನಾಯಿಗೆ ಹಾಕಬೇಡಿ."

"ಅಯ್ಯೋ ಡಾಕ್ಟರಮ್ಮ, ನಮ್ಮಪ್ಪನ ಕಾಲದಿಂದ ಹಾಕ್ತಿದೀವಿ. ನಮ್ಮ ನಾಯಿ ನೋಡಿ, ಗುಂಡುಕಲ್ಲಿನ ಹಾಗಿದೆ!"

"ನಾಯಿಗೆ ಏನೂ ಆಗಲ್ಲ. ನನಗಿರೋ ಭಯ ನಿಮ್ಮ ಮನೆಯವರದ್ದು."

ಅವಳು ಹೋದದ್ದೇ ತಡ, ಅವನು ನಗುತ್ತಾ ಅದನ್ನು ಹಿತ್ತಲಲ್ಲಿದ್ದ ನಾಯಿಗೆ ಎಸೆದ.

ಅವನ ಹೆಂಡತಿಗೆ ಬಹಳ ದಿನದಿಂದ ಬಲಪಕ್ಕೆ ಭಾರ. ಗ್ಯಾಸ್ ಅಂದುಕೊಂಡು ಸುಮ್ಮನಿದ್ದಳು. ತಡೆಯಲಾಗದೆ ಆ ವಾರ ಸ್ಕ್ಯಾನ್ ಮಾಡಿಸಿದರು. ಪರದೆ ಮೇಲೆ ಅವಳ ಲಿವರ್. ಅದರೊಳಗೆ ದುಂಡನೆಯ ಕಪ್ಪು ಚೀಲ. ಚೀಲದೊಳಗೆ ಮರಿಗುಳ್ಳೆಗಳು.

"ನೀರುಗುಳ್ಳೆ. ವರ್ಷಗಟ್ಟಲೆ ಬೆಳೆದಿದೆ," ಅಂದರು ಡಾಕ್ಟರು.

ಗಂಡ ಪರದೆಯ ಹತ್ತಿರ ಬಗ್ಗಿ ನೋಡಿದ. ಇಂಥದ್ದನ್ನು ಅವನು ದಿನಾ ಕೊಯ್ಯುತ್ತಿದ್ದ.

"ರೀ," ಹೆಂಡತಿ ಪಿಸುಗುಟ್ಟಿದಳು, "ಅದು ಈಗಲೂ ಬೆಳೀತಾ ಇದೆಯಾ?"

ಅವನು ಸೀದಾ ಪಶುವೈದ್ಯೆಯ ಬಳಿ ಓಡಿದ. "ನಾವು ಬೇಯಿಸಿಯೇ ತಿಂತೀವಲ್ಲ ಡಾಕ್ಟರಮ್ಮ!"

"ಇದು ಮಾಂಸ ತಿಂದು ಬಂದದ್ದಲ್ಲ ಅಣ್ಣ. ಹಸಿ ಗುಳ್ಳೆ ತಿಂದ ನಾಯಿಯ ಕರುಳಲ್ಲಿ ಹುಳ ಆಗುತ್ತೆ. ಹುಳದ ಮೊಟ್ಟೆ ಮಲದಲ್ಲಿ ಬಂದು ಮಣ್ಣಿಗೆ, ಸೊಪ್ಪಿಗೆ, ನಾಯಿಯ ಕೂದಲಿಗೆ ಅಂಟುತ್ತೆ. ಕಣ್ಣಿಗೆ ಕಾಣಲ್ಲ. ಕೈಯಿಂದ ಬಾಯಿಗೆ ಹೋಗುತ್ತೆ."

ಹೆಂಡತಿ ನಾಯಿಯ ತಲೆ ಸವರುತ್ತಲೇ ರೊಟ್ಟಿ ಮುರಿಯುವುದು ಅವನ ಕಣ್ಣಮುಂದೆ ಬಂತು. "ಹಾಗಾದ್ರೆ ನಾನೇ ಅವಳಿಗೆ ಉಣಿಸಿದ ಹಾಗಾಯ್ತು... ನಾಯಿನ ಕೊಂದುಬಿಡ್ಲಾ?"

"ಆ ಮೂಕಪ್ರಾಣಿಯದೇನು ತಪ್ಪು? ಹುಳದ ಔಷಧಿ ಕೊಡೋಣ. ಹಸಿ ಲಿವರ್, ಶ್ವಾಸಕೋಶ ಹಾಕೋದು ನಿಲ್ಲಿಸಿ, ಸಾಕು."

ಆಪರೇಷನ್ ಆಯಿತು. ಹೆಂಡತಿ ಉಳಿದಳು. ಆದರೂ ಎಷ್ಟೋ ದಿನ ಪಕ್ಕೆ ಮೇಲೆ ಕೈಯಿಟ್ಟು, ಏನನ್ನೋ ಆಲಿಸುವವಳ ಹಾಗೆ ಕೂತಿರುತ್ತಿದ್ದಳು. ಅವನು ಅಂಗಡಿ ಹಿಂದೆ ಆಳವಾದ ಗುಂಡಿ ತೋಡಿ, ಗುಳ್ಳೆಯಿದ್ದ ಲಿವರ್‌ಗಳನ್ನು ಅದರಲ್ಲಿ ಹೂಳಿ, ನಾಯಿ ಕೆದಕದ ಹಾಗೆ ಮೇಲೆ ಕಲ್ಲುಚಪ್ಪಡಿ ಹಾಕಿದ.

ಅಕ್ಕಂದಿರೇ, ಅಣ್ಣಂದಿರೇ, ಗುಳ್ಳೆಯಿರುವ ಅಂಗವನ್ನು ಸುಡಿ, ಇಲ್ಲವೇ ಆಳವಾಗಿ ಹೂಳಿ. ಪಶುವೈದ್ಯರನ್ನು ಕೇಳಿ ನಾಯಿಗೆ ತಪ್ಪದೆ ಹುಳದ ಔಷಧಿ ಕೊಡಿಸಿ, ಅದರ ಮಲವನ್ನೂ ಹೂಳಿ. ಸೊಪ್ಪು ತೊಳೆಯಿರಿ. ನಾಯಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ತಟ್ಟೆಗೆ ಕೈ ಹಾಕಿ. ಈ ಕಾಯಿಲೆ ಬಾಗಿಲು ತಟ್ಟಿ ಬರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಒಳಗೇ ಮನೆ ಮಾಡಿರುತ್ತದೆ.