ಹುಟ್ಟುಹಬ್ಬದ ದಿನ ಪ್ರವಾಸದಲ್ಲಿ

ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಪತ್ರಿಕೆ ಬಿಡಿಸಿದಾಗಲೇ ಲೆಂಪಿ ಅಜ್ಜಿಗೆ ತಾನು ಮನೆಯಲ್ಲಿಲ್ಲ ಎಂಬ ಸಂಗತಿ ತಿಳಿದದ್ದು. ಹುಟ್ಟುಹಬ್ಬದವರ ಅಂಕಣದಲ್ಲಿ ಅವಳ ಹೆಸರಿತ್ತು, ಇಂದಿಗೆ ಎಂಬತ್ತು ಎಂದಿತ್ತು, ಪಕ್ಕದಲ್ಲಿ ‘ಪ್ರವಾಸದಲ್ಲಿದ್ದಾರೆ’ ಎಂದೂ ಇತ್ತು. ಹೆಲ್ಸಿಂಕಿಯಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಹೂವು ಹಿಡಿದುಕೊಂಡು ಯಾರೂ ಬರಬೇಡಿ, ಬಂದರೂ ಬಾಗಿಲು ತೆಗೆಯುವುದಿಲ್ಲ.

“ಹಿಲ್ಕಾ, ನಾನು ಎಲ್ಲಿಗೆ ಹೋಗಿದೀನೇ?” ಎಂದು ಅಜ್ಜಿ ಮಗಳನ್ನು ಕೇಳಿದಳು.

ಒಲೆಯ ಮುಂದಿದ್ದ ಹಿಲ್ಕಾ ಪತ್ರಿಕೆಯನ್ನು ಓದಿ ಗಂಡನ ಕಡೆ ತಿರುಗಿದಳು. ಅರ್ಮಾಸ್ ಬ್ರೆಡ್ಡಿಗೆ ಬೆಣ್ಣೆ ಸವರುವುದರಲ್ಲಿ ಮುಳುಗಿಹೋಗಿದ್ದ.

“ಒಂದೇ ಒಂದು ಶನಿವಾರ, ಅತ್ತೆ,” ಎಂದ ಕೊನೆಗೆ. “ನಾಳೆ ಕೇಕ್ ಕತ್ತರಿಸೋಣ. ಇವತ್ತು ಸಂಜೆ ಗ್ಲೆಬ್ ಬರ್ತಾನೆ. ನಿಮ್ಮ ಊರಿನೋರೆಲ್ಲ ಬಂದು ಕೂತು, ಕಳಕೊಂಡ ಹೊಲ ಮನೆ ಅಂತ ಅಳೋಕೆ ಶುರು ಮಾಡಿದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?”

“ಇದ್ದಲ್ಲೇ ಇಟ್ಕೊಳ್ಳಪ್ಪ. ನಾನಂತೂ ಊರಲ್ಲಿಲ್ಲ.”

ಆ ವರ್ಷಗಳಲ್ಲಿ ಮೇಲೇರಬೇಕೆನ್ನುವ ಪ್ರತಿ ಅಧಿಕಾರಿಗೂ ಮನೆಗೊಬ್ಬ ರಷ್ಯನ್ ಇರುತ್ತಿದ್ದ, ಮನೆ ಡಾಕ್ಟರು ಇದ್ದ ಹಾಗೆ. ಅರ್ಮಾಸನ ಪಾಲಿನವನು ಗ್ಲೆಬ್. ಎಂಟು ವರ್ಷದಿಂದ ರಷ್ಯನ್ ರಾಯಭಾರ ಕಚೇರಿಯಿಂದ ಬರುತ್ತಿದ್ದ, ಉಣ್ಣುತ್ತಿದ್ದ, ಹಬೆಸ್ನಾನ ಮಾಡುತ್ತಿದ್ದ, ಹೋಗಿ ಕೇಳಿದ್ದನ್ನೆಲ್ಲ ಬರೆದಿಡುತ್ತಿದ್ದ. ವಿದೇಶಾಂಗ ಇಲಾಖೆಯ ಅರ್ಮಾಸ್ ಕೂಡ ತಾನು ಕೇಳಿದ್ದನ್ನು ಬರೆದಿಡುತ್ತಿದ್ದ. ಬುಧವಾರ ಒಬ್ಬ ಅಮೆರಿಕದವನು ಬಂದಾಗಲೂ ಇದೇ ನಾಟಕ. ಅಮೆರಿಕದವನು ಬಂದರೆ ವೋಡ್ಕಾ ಬೀರುವಿನ ಹಿಂದಕ್ಕೆ, ರಷ್ಯನ್ ಬಂದರೆ ವಿಸ್ಕಿ ಹಿಂದಕ್ಕೆ. ಲೋಕದ ಎರಡು ದೊಡ್ಡ ದೇಶಗಳು ಹಲ್ಲು ಕಡಿಯುತ್ತ ಕೂತದ್ದಕ್ಕೆ ಬಾಟಲಿ ಜರುಗಿಸುವ ಕೆಲಸ ಹಿಲ್ಕಾಳ ಪಾಲಿಗೆ ಬಂದಿತ್ತು. ಜರುಗಿಸಿ ಜರುಗಿಸಿ ಅವಳಿಗೆ ಸಾಕಾಗಿಹೋಗಿತ್ತು.

ರಷ್ಯನ್ ಬರುವ ದಿನ ಬಾಟಲಿಯ ಜೊತೆಗೆ ತಾಯಿಯನ್ನೂ ಬಚ್ಚಿಡಬೇಕಾಗುತ್ತಿತ್ತು. ಲೆಂಪಿಯ ಊರು ಹೌಕಿಲಾ ಯುದ್ಧದಲ್ಲಿ ರಷ್ಯದ ಪಾಲಾಗಿ ಈಗ ಗಡಿಯ ಆಚೆಗಿತ್ತು. ಒಂದು ಪೆಟ್ಟಿಗೆ, ಒಂದು ಹಸು ಹಿಡಿದುಕೊಂಡು ಹೊರಟು ಬಂದವಳು ಅವಳು. ಅವಳ ಬಾಯಿಯ ಮೇಲೆ ಅಳಿಯನಿಗೆ ನಂಬಿಕೆಯಿರಲಿಲ್ಲ. ಹಾಗಾಗಿ ಅಜ್ಜಿ ರೈ ಹಿಟ್ಟಿನ ಹಾಳೆಯೊಳಗೆ ಅನ್ನದ ಗಂಜಿ ತುಂಬಿ, ಅಂಚು ಚಿವುಟಿ, ತನ್ನೂರಿನ ಪಿರಕ್ಕ ಬೇಯಿಸಿಟ್ಟು ಕೋಣೆ ಸೇರುತ್ತಿದ್ದಳು. ಗ್ಲೆಬ್ ಅದನ್ನು ತಿಂದು ಹಿಲ್ಕಾಳ ಕೈರುಚಿಯನ್ನು ಹೊಗಳುತ್ತಿದ್ದ. ಹಿಲ್ಕಾ ಬಾಯಿ ಮುಚ್ಚಿಕೊಂಡು ಹೊಗಳಿಸಿಕೊಳ್ಳುತ್ತಿದ್ದಳು.

ಇವತ್ತು ಮಾತ್ರ ಅವಳಿಗೆ ಬೇರೇನೂ ಬೇಕಿರಲಿಲ್ಲ. ಎಂಬತ್ತು ತುಂಬಿದ ಅಮ್ಮ ಮೇಜಿನ ತುದಿಯ ಕುರ್ಚಿಯಲ್ಲಿ ಕೂರಬೇಕು, ಅಷ್ಟೆ. ಅದಕ್ಕೆಂದೇ ಕೆನೆ ಕೇಕ್ ಮಾಡಿ ಬಾಲ್ಕನಿಯ ಚಳಿಯಲ್ಲಿ ಮುಚ್ಚಿಟ್ಟಿದ್ದಳು. ಆದರೆ ಮುಂದಿನ ಬೇಸಿಗೆಗೆ ಎರಡೂ ಬಣದ ನಾಯಕರು ಈ ಊರಿಗೇ ಸಮ್ಮೇಳನಕ್ಕೆ ಬರುವವರಿದ್ದರು. ಅದರ ಏರ್ಪಾಡಿನಲ್ಲಿ ಅರ್ಮಾಸನಿಗೊಂದು ದೊಡ್ಡ ಕುರ್ಚಿ ಬೇಕಿತ್ತು, ಅದಕ್ಕೆ ಗ್ಲೆಬ್ ಒಂದು ಮಾತು ಹಾಕಬೇಕಿತ್ತು.

ಮಧ್ಯಾಹ್ನ ಅಜ್ಜಿ ಪಿರಕ್ಕ ಬೇಯಿಸಿಟ್ಟು ಕೋಣೆಗೆ ಹೋದಳು. ಸಂಜೆ ಹೊರಬಂದಾಗ ಕಪ್ಪು ಕೋಟು, ಟೋಪಿ, ಕೈಯಲ್ಲಿ ಆ ಹಳೆಯ ಪೆಟ್ಟಿಗೆ. ಬಂದವಳೇ ಬಾಗಿಲ ಬಳಿ ಬೂಟು ಕಳಚಲು ಇಟ್ಟಿದ್ದ ಬೆಂಚಿನ ಮೇಲೆ ಕೂತುಬಿಟ್ಟಳು.

“ಅಮ್ಮ, ಏನಿದು? ಒಳಗೆ ಬಾ.”

“ಪೇಪರಲ್ಲಿ ಹಾಕಿಸಿದಾರೆ ಕಣೇ. ಸುಳ್ಳಾಗಬಾರದು.”

ಅರ್ಮಾಸ್ ಅಡುಗೆಮನೆಗೆ ಬಂದು ಪಿಸುಗುಟ್ಟಿದ. “ಎಬ್ಬಿಸು ಅವರನ್ನ. ಅವನು ಬರೋ ಹೊತ್ತಾಯ್ತು.”

“ನಿನಗೆ ಧೈರ್ಯ ಇದ್ರೆ ನೀನೇ ಎಬ್ಬಿಸು,” ಎಂದಳು ಹಿಲ್ಕಾ. ಅವನಿಗೆ ಅಷ್ಟು ಧೈರ್ಯವಿರಲಿಲ್ಲ. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು.

ಗ್ಲೆಬ್ ಟೋಪಿಯ ಹಿಮ ಕೊಡವಿ ಒಳಗೆ ಬಂದ. ದಪ್ಪ ಆಳು, ಸೊಂಟ ನೋವು ಬೇರೆ, ನಿಂತು ಬೂಟು ಕಳಚಲಾರ. ಇದ್ದದ್ದು ಅದೊಂದೇ ಬೆಂಚು.

“ನಮಸ್ಕಾರ ಅಜ್ಜಿ. ಸ್ವಲ್ಪ ಸರೀತೀರಾ?” ಎಂದು ಉಸ್ಸೆನ್ನುತ್ತ ಪಕ್ಕದಲ್ಲಿ ಕೂತ. ಅವನ ಫಿನ್ನಿಶ್ ಊರವರಷ್ಟೇ ಚೆನ್ನಾಗಿತ್ತು.

“ನಮ್ಮತ್ತೆ... ಎಲ್ಲಿಗೋ ಹೊರಟಿದಾರೆ,” ಎಂದು ಅರ್ಮಾಸ್ ತೊದಲಿದ.

“ಓಹೋ. ಎಲ್ಲಿಗೆ ಪ್ರಯಾಣ?”

“ಹೌಕಿಲಾಕ್ಕೆ,” ಎಂದಳು ಅಜ್ಜಿ.

ಒಂದು ಬೂಟು ಕೈಯಲ್ಲಿ ಹಿಡಿದುಕೊಂಡು ಗ್ಲೆಬ್ ಹಾಗೇ ಕೂತ. ಹೆಸರು ಅವನಿಗೆ ಗೊತ್ತಿತ್ತು, ನಕ್ಷೆ ಓದುವುದೇ ಅವನ ಉದ್ಯೋಗ.

“ಅಲ್ಲಿಗೆ ಬಸ್ಸಿಲ್ಲ, ಅಜ್ಜಿ.”

“ಗೊತ್ತು. ಮೂವತ್ತು ವರ್ಷದಿಂದ ಗೊತ್ತು. ಅದಕ್ಕೇ ಕೂತಿದೀನಿ.”

ಏನು ಕೇಳಿದರೂ ‘ವಿಚಾರಿಸಿ ಹೇಳ್ತೀನಿ’ ಎನ್ನುವುದು ಗ್ಲೆಬ್‌ನ ಅಭ್ಯಾಸ. ಈಗಲೂ ಅದನ್ನೇ ಹೇಳಹೊರಟ, ಅಷ್ಟರಲ್ಲಿ ಅವಳ ಕೈ ಕಣ್ಣಿಗೆ ಬಿತ್ತು. ಅಜ್ಜಿಯ ಉಗುರಿನ ಸಂದಿಯಲ್ಲಿ ಹಿಟ್ಟು ಅಂಟಿತ್ತು, ಅದನ್ನೇ ನೋಡುತ್ತಿದ್ದ.

“ಆ ಪಿರಕ್ಕ ಮಾಡೋದು ನೀವಾ?”

“ಹೂಂ. ಉಪ್ಪು ಹೆಚ್ಚಾದ ದಿನಾನೂ ನೀವು ಚೆನ್ನಾಗಿದೆ ಅಂದ್ರಂತೆ.”

“ನಿಮ್ಮ ಪ್ರಯಾಣ ನನ್ನ ಕೈಲಿ ಆಗೋ ಕೆಲಸ ಅಲ್ಲ, ಅಜ್ಜಿ,” ಎಂದ ಗ್ಲೆಬ್ ಮೆಲ್ಲಗೆ. ಎಂಟು ವರ್ಷದಲ್ಲಿ ಅವನು ಆ ಮನೆಯಲ್ಲಿ ಆಡಿದ ಮೊದಲ ನಿಜ ಅದೇ ಇರಬೇಕು. ಇನ್ನೊಂದು ಬೂಟನ್ನೂ ಕಳಚಿ, ಕಾಲುಚೀಲದಲ್ಲಿ ಹಜಾರಕ್ಕೆ ಹೋದ. ಈ ಮಾತುಕತೆಯನ್ನೂ ಅವನು ಬರೆದಿಡುತ್ತಾನೆಂದು ಎಲ್ಲರಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಒಳಗಿನಿಂದ ಮರದ ವ್ಯಾಪಾರದ ಮಾತು, ಚಳಿಯ ಮಾತು, ಅರ್ಮಾಸನ ಬೇಕಿಲ್ಲದ ನಗು ಕೇಳಿಬಂದವು. ಹಿಲ್ಕಾ ಪಿರಕ್ಕದ ತಟ್ಟೆ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಳು. ಎಂಟು ವರ್ಷದ ದಣಿವು ಒಟ್ಟಿಗೇ ಬಂದು ಹೆಗಲ ಮೇಲೆ ಕೂತಂತಿತ್ತು. ತಟ್ಟೆಯನ್ನು ಒಲೆಯ ಮೇಲಿಟ್ಟಳು. ಬಾಲ್ಕನಿಯಿಂದ ಕೇಕ್ ತಂದಳು, ಕಾಫಿಯ ಕೆಟಲ್ಲು, ಎರಡು ಬಟ್ಟಲು ತಂದಳು, ಅಮ್ಮನ ಪೆಟ್ಟಿಗೆಯ ಮೇಲೆ ಜೋಡಿಸಿ ಮೇಣದಬತ್ತಿ ಹಚ್ಚಿದಳು. ಆಮೇಲೆ ಗೂಟದಲ್ಲಿದ್ದ ತನ್ನ ಕೋಟು ತೊಟ್ಟುಕೊಂಡು ಗ್ಲೆಬ್ ಎದ್ದು ಹೋದ ಜಾಗದಲ್ಲಿ ಕೂತಳು.

“ಹಿಲ್ಕಾ! ಪಿರಕ್ಕ ಎಲ್ಲಿ?” ಎಂದು ಅರ್ಮಾಸ್ ಕೂಗಿದ.

“ಕರೀತಿದಾನೆ ಕಣೇ,” ಎಂದಳು ಅಜ್ಜಿ.

“ಒಲೆ ಮೇಲಿದೆ, ತಗೋ!” ಹಿಲ್ಕಾ ಅಲ್ಲಿಂದಲೇ ದನಿಯೇರಿಸಿದಳು, ಗ್ಲೆಬ್‌ಗೂ ಕೇಳಲಿ ಎಂದೇ. “ನಾನು ಮನೇಲಿಲ್ಲ. ಅಮ್ಮನ ಜೊತೆ ಪ್ರವಾಸದಲ್ಲಿದೀನಿ!”

ಹಜಾರದ ನಗು ನಿಂತುಹೋಯಿತು. ಅಜ್ಜಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಮಗಳಿಗೆ ಜಾಗವಾಗಲೆಂದು ಇನ್ನಷ್ಟು ಸರಿದಳು.

“ದೂರ ಇದೆ ಕಣೇ,” ಎಂದಳು. “ಮೊದಲು ಕಾಫಿ ಹಾಕು.”