ಸುಣ್ಣ ಕುದ್ದ ಮಧ್ಯಾಹ್ನ

ಸುಣ್ಣದ ಹರಳು ನೀರಿಗೆ ಬಿದ್ದರೆ ಬೆಂಕಿಯಿಲ್ಲದೆಯೇ ಕುದಿಯುತ್ತದೆ. ಶಾಲೆಯ ಹಿತ್ತಿಲಲ್ಲಿದ್ದ ಡ್ರಮ್ಮಿನಲ್ಲಿ ಅಂದು ಅದು ಕೊತಕೊತ ಕುದಿಯುತ್ತಿತ್ತು. ರಜೆಯಲ್ಲಿ ಗೋಡೆಗಳಿಗೆ ಸುಣ್ಣ ಬಳಿಸುತ್ತಿದ್ದರು. ನಾನು ರಸಾಯನಶಾಸ್ತ್ರದ ಶಿಕ್ಷಕಿಯಾಗಿ ಸೇರಿ ವರ್ಷವಾಗಿತ್ತು. ಪ್ರಯೋಗಾಲಯದಲ್ಲಿ ಕುಳಿತು ಸೀಸೆಗಳಿಗೆ ಹೊಸ ಚೀಟಿ ಅಂಟಿಸುತ್ತಿದ್ದೆ.

ಹೊರಗೆ ಯಾರೋ ಚೀರಿದರು. ಓಡಿಹೋಗಿ ನೋಡಿದರೆ, ಸುಣ್ಣ ಕಲಕುತ್ತಿದ್ದ ಫಕೀರವ್ವ ಬಲಗಣ್ಣನ್ನು ಅಂಗೈಯಿಂದ ಒತ್ತಿ ಹಿಡಿದು ನೆಲದ ಮೇಲೆ ಹೊರಳುತ್ತಿದ್ದಳು.

"ಕಣ್ಣು ಸುಡಾಕತ್ತೈತ್ರೀ ಅಕ್ಕೋರ!"

ನನಗೆ ಹೊಳೆದದ್ದು ಒಂದೇ. ಸುಣ್ಣ ಪ್ರತ್ಯಾಮ್ಲ, ಆಮ್ಲ ಬೆರೆತರೆ ಉಳಿಯುವುದು ಲವಣ ಮತ್ತು ನೀರು. ವರ್ಷವಿಡೀ ಹಲಗೆಯ ಮೇಲೆ ಬರೆದ ಸಾಲು ಅದು. ಒಳಗಿನಿಂದ ವಿನೆಗರಿನ ಬಾಟಲಿ ತಂದು, ಅವಳ ತಲೆಯನ್ನು ತೊಡೆಯ ಮೇಲೆಳೆದುಕೊಂಡೆ.

ಬಾಟಲಿ ಬಾಗಿಸುವಷ್ಟರಲ್ಲಿ ಯಾರೋ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಪ್ರಯೋಗಾಲಯದ ಜವಾನ ಮೋದಿನಸಾಬರು. ಎಂದೂ ನನ್ನೆದುರು ದನಿ ಎತ್ತದವರು.

"ಇಡ್ರಿ ಅದನ್ನ ಕೆಳಗ!"

"ಸುಣ್ಣದ ಖಾರ ಇದರಿಂದ ಇಳೀತದ, ಕೈ ಬಿಡ್ರಿ!"

"ಕಣ್ಣೂ ಹೋಗತೈತಿ. ನೋಡ್ರಿ ಇಲ್ಲಿ." ತಮ್ಮ ಎಡಗಣ್ಣನ್ನು ನನ್ನ ಮುಖದ ಸನಿಹಕ್ಕೆ ತಂದರು. ಕರಿಗುಡ್ಡೆಯ ಮೇಲೆಲ್ಲ ಬಿಳಿಯ ಪೊರೆ. ದಿನವೂ ಕಂಡಿದ್ದೆ, ಒಮ್ಮೆಯೂ ಕೇಳಿರಲಿಲ್ಲ. "ಕಾಸ್ಟಿಕ್ ಸೋಡಾ ಸಿಡಿದಿತ್ತು. ನಿಮ್ಮಂಗ ಓದಿದವರೊಬ್ರು ಆ್ಯಸಿಡ್ ಹಾಕಿದ್ರು. ಎರಡೂ ಕೂಡಿ ನನ್ನ ಕಣ್ಣಾಗ ಕಾದವು. ನೀರು ಹಾಕ್ರಿ, ಬರೇ ನೀರು!"

ಆಮ್ಲ, ಪ್ರತ್ಯಾಮ್ಲ ಬೆರೆತಾಗ ಬೀಕರು ಬಿಸಿಯಾಗುವುದನ್ನು ಮಕ್ಕಳಿಗೆ ಮುಟ್ಟಿಸಿ ತೋರಿಸಿದವಳು ನಾನೇ. ಬಾಟಲಿ ಕೈಜಾರಿ ಬಿದ್ದು ಒಡೆಯಿತು.

ಮೋದಿನಸಾಬರು ರೆಪ್ಪೆ ಬಿಡಿಸಿ ಹಿಡಿದು, ಒದ್ದೆ ಬಟ್ಟೆಯ ತುದಿಯಿಂದ ಸುಣ್ಣದ ಕಣಗಳನ್ನು ತೆಗೆದರು. ನಾನು ನೀರು ಸುರಿದೆ. ಒಂದು ಕೊಡ, ಎರಡು, ಐದು. ಫಕೀರವ್ವ ಕಾಲು ಬಡಿದಳು, ನನ್ನ ಕೂದಲು, ಕಿವಿ ಹಿಡಿದು ಜಗ್ಗಿದಳು.

"ಸಾಕ್ರೀ, ಸಾಕು ಬಿಡ್ರಿ!"

"ಇನ್ನೂ ಹಾಕ್ರಿ," ಎಂದರು ಅವರು. ಅರ್ಧ ಗಂಟೆ ಹಾಗೆಯೇ ಸುರಿದೆವು. ಆಸ್ಪತ್ರೆಗೆ ಹೋಗುವ ಆಟೋದಲ್ಲೂ ತಂಬಿಗೆ ಹಿಡಿದೇ ಇದ್ದೆ.

"ನೀರು ಹಾಕಿದ್ದು ಚಲೋ ಆತು," ಎಂದರು ವೈದ್ಯರು. "ಆದ್ರ ಪಟ್ಟಿ ಬಿಚ್ಚೋತನಕ ಏನೂ ಹೇಳಾಕಾಗಂಗಿಲ್ಲ."

ಮೂರು ದಿನ ನನಗೆ ಅನ್ನ ಸೇರಲಿಲ್ಲ. ಪಟ್ಟಿ ಬಿಚ್ಚುವಾಗ ನಾನೂ ಮೋದಿನಸಾಬರೂ ಮಂಚದ ಪಕ್ಕ ನಿಂತಿದ್ದೆವು. ವೈದ್ಯರು ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. ಊದಿದ್ದ ಬಲಗಣ್ಣು ಮೆಲ್ಲಗೆ ತೆರೆಯಿತು, ನೀರಾಡಿತು, ನನ್ನ ಮುಖದ ಮೇಲೆ ಬಹಳ ಹೊತ್ತು ನಿಂತಿತು.

"ಅಕ್ಕೋರ," ಎಂದಳು ಫಕೀರವ್ವ, "ಒಂದು ಕಿವಿಯಾಗಿನ ಓಲೆ ಎಲ್ಲಿ ಬಿತ್ರೀ?"

ಕಿವಿ ಮುಟ್ಟಿಕೊಂಡೆ. ಬರಿದಾಗಿತ್ತು. ಮೂರು ದಿನದಿಂದ ನನಗದು ಗೊತ್ತೇ ಆಗಿರಲಿಲ್ಲ.