ಎಲೋಡಿಯ ಅಜ್ಜಿಯ ವೋಟು

ಗ್ರಿಸೆಲ್‌ಳನ್ನು ಕಂಡರೆ ನನಗೆ ಆಗುವುದಿಲ್ಲ. ಅವಳು ಒಳ್ಳೆಯವಳು, ಅದೇ ಕಷ್ಟ. ಕೆಟ್ಟವಳಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ನದಿಯ ಆಚೆ ದಡದಲ್ಲಿ ಮೆಕ್ಸಿಕೋ ಕಾಣುವ ನಮ್ಮ ಟೆಕ್ಸಸ್ ಊರಿನ ಕಾಲೇಜಿನಲ್ಲಿ ಇಬ್ಬರೂ ಒಂದೇ ತರಗತಿ. ಇಬ್ಬರದೂ ಒಂದೇ ಸಂಶೋಧನೆ: ಸ್ಪ್ಯಾನಿಷ್ ಮಾತಿನ ನಮ್ಮ ಲ್ಯಾಟಿನೊ ಜನ ಹಕ್ಕಿದ್ದೂ ಯಾಕೆ ವೋಟು ಹಾಕುವುದಿಲ್ಲ. ನಾನು ಇಲ್ಲೇ ಹುಟ್ಟಿ ಬೆಳೆದವಳು. ಅವಳು ಡಲ್ಲಾಸ್‌ನಿಂದ ಬಂದವಳು, ಅವಳ ಸ್ಪ್ಯಾನಿಷ್ ಕೇಳಿದರೆ ಗಿಳಿಯೂ ನಕ್ಕೀತು. ಆದರೂ ಜನ ಅವಳನ್ನು ಕೂರಿಸಿಕೊಂಡು ಕರುಳು ಬಿಚ್ಚಿ ಮಾತಾಡುತ್ತಾರೆ. ನನ್ನನ್ನಾದರೆ, "ನೊಹೇಮಿ, ನಿಮ್ಮಪ್ಪ ಚೆನ್ನಾಗಿದಾನಾ?" ಅಂತ ಕೇಳಿ ಕಾಫಿ ಕೊಟ್ಟು ಸಾಗಹಾಕುತ್ತಾರೆ. ನನಗೆ ಹೇಳಿದ್ದು ಸಂಜೆಯೊಳಗೆ ಊರಿನ ಅಡುಗೆಮನೆಗಳನ್ನೆಲ್ಲ ಸುತ್ತುತ್ತದೆ ಅಂತ ಅವರ ಲೆಕ್ಕ.

ಆದರೆ ನನ್ನ ಹತ್ತಿರ ಎಲೋಡಿಯ ಅಜ್ಜಿ ಇದ್ದಳು. ಪೌರತ್ವ ಸಿಕ್ಕಾಗಿನಿಂದ ಒಂದು ಚುನಾವಣೆಯನ್ನೂ ತಪ್ಪಿಸದವಳು. ಆ ದಿನ ಚಿನ್ನದ ಓಲೆ ಹಾಕಿಕೊಂಡು ಒಬ್ಬಳೇ ಹೋಗುತ್ತಾಳೆ, ಬರುವಾಗ ಬೇಕರಿಯಿಂದ ಡಬ್ಬಿ ತುಂಬ ಸಿಹಿ ಬನ್ನು ತರುತ್ತಾಳೆ. ನನ್ನ ಪ್ರಬಂಧ ಶುರುವಾಗುವುದೇ ಅವಳಿಂದ. ಅದನ್ನು ಓದಿದ ದಿನ ತರಗತಿಯೇ ಚಪ್ಪಾಳೆ ತಟ್ಟಿತು. ಅಜ್ಜಿ ಕರೆಯುತ್ತಾಳೆಂದು ಭಾನುವಾರ ಭಾನುವಾರ ನಮ್ಮ ಮನೆಯಲ್ಲಿ ಉಣ್ಣುವ ಗ್ರಿಸೆಲ್ ಮಾತ್ರ ತಲೆ ಎತ್ತಲಿಲ್ಲ. ಹೊಟ್ಟೆಕಿಚ್ಚು ಅಂದುಕೊಂಡು ಖುಷಿಪಟ್ಟೆ.

ಮುಂದಿನ ವಾರ ಅವಳ ಸರದಿ. ಹೆಸರು ಹೇಳದೆ ಒಬ್ಬ ಮುದುಕಿಯ ಕಥೆ ಹೇಳಿದಳು. ಮೊದಲ ಸಲ ವೋಟು ಹಾಕಲು ಹೋದಾಗ ಆಕೆಗೆ ಮತಪತ್ರ ಓದಲು ಬರಲಿಲ್ಲ. ಮೇಜಿನ ಹಿಂದಿದ್ದವಳು ಸಾಲಿನವರೆಲ್ಲರ ಎದುರು ಲೊಚಗುಟ್ಟಿದಳು. ಮುದುಕಿ ಕಾಗದ ವಾಪಸು ಕೊಟ್ಟು ಬಂದಳು. ಆಮೇಲೆ ಪ್ರತಿ ಚುನಾವಣೆಗೂ ಸಿಂಗರಿಸಿಕೊಂಡು ಹೊರಟು, ಬೇಕರಿಯ ಹಿಂದಿನ ಕೋಣೆಯಲ್ಲಿ ಹೊತ್ತು ಕಳೆದು, ಬನ್ನು ಕೊಂಡು ಮನೆಗೆ ಬರುತ್ತಾಳೆ.

ಆ ಬನ್ನು ತಿಂದು ಬೆಳೆದವಳು ನಾನೇ. ಮೇಷ್ಟರು ಅವಳ ಕೆಲಸವನ್ನೇ ರಾಜಧಾನಿಯ ಸಮ್ಮೇಳನಕ್ಕೆ ಆರಿಸಿದರು. ಅದು ಹಾಳಾಗಲಿ. ನನ್ನ ಅಜ್ಜಿಯನ್ನೇ ಕಿತ್ತುಕೊಂಡಳಲ್ಲ!

ನಾನು ಮನೆಗೆ ಬಂದಾಗ ಅಜ್ಜಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ಅವಳಿಗ್ಯಾಕಜ್ಜಿ ಹೇಳ್ದೆ?"

"ಅವಳು ಕೇಳಿದ್ಲು."

"ನಾನೂ ಕೇಳಿದ್ನಲ್ಲ!"

"ನೀನೆಲ್ಲಿ ಕೇಳ್ದೆ? 'ಒಂದ್ ಸಲಾನೂ ತಪ್ಪಿಸಿಲ್ಲ ಅಲ್ವಾ ಅಜ್ಜಿ' ಅಂದೆ. ನಾನು ಹೂಂ ಅಂದೆ. ಇನ್ನೇನ್ ಅನ್ಲಿ, ನೀನು ಅಷ್ಟು ಮುಖ ಅರಳಿಸ್ಕೊಂಡು ಕೂತಿದ್ದೆ." ಹಿಟ್ಟನ್ನು ಬಡಿದಳು. "ತರಗತೀಲಿ ಹೇಳು ಅಂತ ನಾನೇ ಅವಳಿಗೆ ಅಂದಿದ್ದು. ನಿನ್ ಕಿವಿಗೆ ಬೀಳ್ಲಿ ಅಂತ. ನನ್ ಬಾಯಲ್ಲಿ ಬರ್ತಿರ್ಲಿಲ್ಲ ಕಣೇ."

ಅತ್ತುಬಿಟ್ಟೆ. ಅಳು ಅಜ್ಜಿಗಾಗಿಯೋ ನನಗಾಗಿಯೋ ತಿಳಿಯಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಕಾನೂನು ಹೇಳಿದೆ. ಓದಲು ಬಾರದವರು ತಮಗೆ ಬೇಕಾದವರನ್ನು ಜೊತೆಗೆ ಒಳಗೆ ಕರೆದೊಯ್ಯಬಹುದು, ಯಾರೂ ತಡೆಯುವಂತಿಲ್ಲ. ಅಜ್ಜಿ ಕೈಗಂಟಿದ ಹಿಟ್ಟು ಒರೆಸಿಕೊಂಡು, "ಹಂಗಾದ್ರೆ ಈ ಸಲ ಹೋಗೋಣ" ಅಂದಳು. ನನ್ನೊಳಗೆ ಹಬ್ಬ. ಪ್ರಬಂಧ ಅವಳದಾಗಲಿ, ವೋಟು ನನ್ನ ಕೈ ಹಿಡಿದು ಬೀಳುತ್ತದೆ.

ಚುನಾವಣೆಯ ದಿನ ಕಾರಿನಲ್ಲಿ ಗ್ರಿಸೆಲ್ ಕೂಡ ಇದ್ದಳು. ಅಜ್ಜಿಯೇ ಕರೆದಿದ್ದಳಂತೆ. ಮತಗಟ್ಟೆಯ ಅಧಿಕಾರಿ, "ಸಹಾಯಕ್ಕೆ ಯಾರ್ ಬರ್ತಾರಮ್ಮ?" ಅಂದ. ನಾನು ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದೆ.

ಅಜ್ಜಿ ತನ್ನ ಕೈಚೀಲ ನನ್ನ ಕೈಗೆ ಕೊಟ್ಟಳು. "ಇದನ್ನ ಹಿಡ್ಕೊಂಡಿರು, ಪುಟ್ಟಿ." ಗ್ರಿಸೆಲ್‌ಳ ತೋಳು ಹಿಡಿದಳು.

"ಅಜ್ಜಿ, ನಾನಿದ್ದೀನಲ್ಲ!"

"ನೀನ್ ಬಂದ್ರೆ ನಿನ್ ಖುಷಿಗೆ ಹಾಕ್ಬಿಡ್ತೀನಿ ಕಣೇ. ಇವತ್ತು ನನ್ ಖುಷಿಗೆ ಹಾಕ್ಬೇಕು."

ಗ್ರಿಸೆಲ್ ನನ್ನ ಮುಖ ನೋಡಿ, "ನೊಹೇಮಿ, ನಾನು..." ಅಂದಳು. ನಾನು ಬೇರೆ ಕಡೆ ತಿರುಗಿದೆ. ಗುಟ್ಟು ಬಿಡುವುದಿಲ್ಲ ಅಂತ ಅಧಿಕಾರಿ ಅವಳಿಂದ ಪ್ರಮಾಣ ಮಾಡಿಸಿದ. ಇಬ್ಬರೂ ಮರೆಯ ಹಿಂದೆ ಹೋದರು. "ಸಾಲಲ್ಲಿದ್ದೀಯಾ?" ಅಂತ ಹಿಂದಿನವನು ಕೇಳಿದ. ಇಲ್ಲ ಅಂದು ಪಕ್ಕಕ್ಕೆ ಸರಿದೆ.

ನನ್ನ ಅಜ್ಜಿ ಜೀವಮಾನದ ಮೊದಲ ವೋಟು ಯಾರಿಗೆ ಹಾಕಿದಳು ಅನ್ನುವುದು ಈ ಭೂಮಿಯ ಮೇಲೆ ಅವಳನ್ನು ಬಿಟ್ಟರೆ ಒಬ್ಬಳಿಗೇ ಗೊತ್ತು. ಅದು ನಾನಲ್ಲ.